ಕೋಳಿಯನ್ನು ಬೆಳೆಸುವುದು ಇಂಜೆಕ್ಷನ್ನೇ, ಮೇವೇ?

ಬಸವಕಲ್ಯಾಣ, ಹುಮನಾಬಾದ್ ಕಡೆಯ ಜನರ ಮಾತಿನಲ್ಲಿ ಕೋಳಿಗೆ ಎರಡೇ ಜಾತಿ: ಒಂದು ಜವಾರಿ, ಇನ್ನೊಂದು ‘ಬಾಯ್ಲರ್’. ಬ್ರಾಯ್ಲರ್ ಎಂಬ ಹೆಸರು ಬಾಯಿಂದ ಬಾಯಿಗೆ ಹೋಗಿ ಹೀಗಾಗಿದೆ. ಹುಟ್ಟಿದ ದಿನ ಸುಮಾರು 40 ಗ್ರಾಂ ತೂಗುವ ಬ್ರಾಯ್ಲರ್ ಮರಿ ಆರು ವಾರದೊಳಗೆ ಎರಡು ಕಿಲೋ ಮುಟ್ಟುತ್ತದೆ. ಅಂದರೆ ಐವತ್ತು ಪಟ್ಟು! ಜವಾರಿ ಕೋಳಿ ತಿಂಗಳುಗಟ್ಟಲೆ ತಿಪ್ಪೆ ಕೆದರಿದರೂ ಆ ತೂಕಕ್ಕೆ ಬರುವುದು ಕಷ್ಟ. ಹೀಗಾಗಿ ‘ಹಾರ್ಮೋನ್ ಇಂಜೆಕ್ಷನ್ ಚುಚ್ಚುತ್ತಾರಂತೆ, ಮಕ್ಕಳಿಗೆ ಕೊಡಬಹುದೇ?’ ಎಂಬ ಅನುಮಾನ ಪಾಲಕರಿಗೆ ಬರುವುದು ಸಹಜ.

ಈ ಅನುಮಾನವನ್ನು ಪರೀಕ್ಷಿಸಿ ನೋಡೋಣ. ಬೆಳವಣಿಗೆಯ ಹಾರ್ಮೋನ್ ಒಂದು ಪ್ರೋಟೀನು. ಮೇವಿನಲ್ಲಿ ಬೆರೆಸಿದರೆ ಬೇಳೆಯ ಪ್ರೋಟೀನಿನಂತೆ ಅದೂ ಜೀರ್ಣವಾಗಿಬಿಡುತ್ತದೆ. ಚುಚ್ಚುವುದಾದರೆ ಶೆಡ್ಡಿನ ಸಾವಿರಾರು ಕೋಳಿಗಳನ್ನು ಮತ್ತೆ ಮತ್ತೆ ಹಿಡಿದು ಚುಚ್ಚಬೇಕು. ಆ ಖರ್ಚು ಯಾವ ಸಾಕಣೆದಾರನಿಗೂ ಗಿಟ್ಟುವುದಿಲ್ಲ. ರೋಗ ಬಾರದಂತೆ ಲಸಿಕೆ ಹಾಕುವುದುಂಟು. ಆದರೆ ಲಸಿಕೆ ಹಾರ್ಮೋನ್ ಅಲ್ಲ.

ಗುಟ್ಟು ತಳಿಯಲ್ಲಿದೆ

ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 1957, 1978 ಮತ್ತು 2005ರ ತಳಿಗಳನ್ನು ಒಟ್ಟಿಗೆ ಸಾಕಿ, ಮೂರಕ್ಕೂ ಒಂದೇ ಮೇವು ಹಾಕಿ ನೋಡಿದರು. ಫಲಿತಾಂಶ 2014ರಲ್ಲಿ ಪ್ರಕಟವಾಯಿತು. 56ನೆಯ ದಿನ 1957ರ ತಳಿ 905 ಗ್ರಾಂ, 1978ರದು 1,808 ಗ್ರಾಂ, 2005ರದು 4,202 ಗ್ರಾಂ ತೂಗಿದವು. ಮೇವು ಒಂದೇ, ದಿನಗಳೂ ಅಷ್ಟೇ. ಬೇರೆಯಾಗಿದ್ದುದು ತಳಿ ಮಾತ್ರ. ಚೆನ್ನಾಗಿ ಬೆಳೆಯುವ ಕೋಳಿಗಳನ್ನೇ ಆರಿಸಿ, ತಲೆಮಾರಿನಿಂದ ತಲೆಮಾರಿಗೆ ಮರಿ ಮಾಡಿಸಿದ್ದರ ಫಲವಿದು.

ಹಾಗಾದರೆ ಮೇವಿಗೆ ಬೆರೆಸುವ ‘ಪೂರಕ’ಗಳ ಕೆಲಸವೇನು? ಹಲಗೆಗಳನ್ನು ಜೋಡಿಸಿ ಮಾಡಿದ ಪೀಪಾಯಿಯೊಂದನ್ನು ಕಲ್ಪಿಸಿಕೊಳ್ಳಿ. ಒಂದು ಹಲಗೆ ಗಿಡ್ಡವಾಗಿದ್ದರೆ ನೀರು ನಿಲ್ಲುವುದು ಅದರ ಎತ್ತರದವರೆಗೆ ಮಾತ್ರ. ಗಿಡ್ಡ ಹಲಗೆಯನ್ನು ಉದ್ದ ಮಾಡುವುದೇ ಪೂರಕದ ಕೆಲಸ.

ಹೊಲದಿಂದ ಶೆಡ್ಡಿಗೆ

ಬೀದರ ಜಿಲ್ಲೆಯಲ್ಲಿ ಮಳೆಗಾಲ ಬಂತೆಂದರೆ ಎಲ್ಲಿ ನೋಡಿದರೂ ಸೋಯಾ ಹೊಲಗಳು. ಎಣ್ಣೆ ತೆಗೆದುಳಿದ ಸೋಯಾ ಹಿಂಡಿ ಮತ್ತು ಮೆಕ್ಕೆಜೋಳ, ಇವೆರಡೇ ಕೋಳಿ ಆಹಾರದ ಬಹುಪಾಲು. ಮೆಕ್ಕೆಜೋಳದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಅದನ್ನು ಸೋಯಾ ತುಂಬಿಕೊಡುತ್ತದೆ. ಜೋಳದ ರೊಟ್ಟಿಯ ಜೊತೆ ತೊಗರಿಬೇಳೆ ಉಣ್ಣುವ ನಮ್ಮ ಹಿರಿಯರ ಪದ್ಧತಿಯಲ್ಲಿ ಇರುವುದೂ ಇದೇ ಲೆಕ್ಕ! ಇಷ್ಟಾದರೂ ವೇಗವಾಗಿ ಬೆಳೆಯುವ ಕೋಳಿಗೆ ಮೆಥಿಯೋನಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಸಾಲುವುದಿಲ್ಲ. ಅದಕ್ಕೇ ಒಂದು ಟನ್ ಮೇವಿಗೆ ಎರಡು-ಮೂರು ಕಿಲೋ ಮೆಥಿಯೋನಿನ್ ಬೆರೆಸುತ್ತಾರೆ.

ಬಿಸಿಲು ಕಾಣದ ಶೆಡ್ಡಿನ ಮರಿಗೆ ವಿಟಮಿನ್ ಡಿ-3 ಬೇಕು. ಇಲ್ಲದಿದ್ದರೆ ಕಾಲು ಸೊಟ್ಟಗಾಗುತ್ತದೆ. ಕಾಳುಗಳಲ್ಲಿರುವ ರಂಜಕದ ಹೆಚ್ಚಿನ ಪಾಲು ಫೈಟೇಟ್ ಎಂಬ ಬೀಗದೊಳಗಿರುತ್ತದೆ. ಅದನ್ನು ತೆರೆಯುವ ಕೀಲಿಕೈ ಫೈಟೇಸ್ ಎಂಬ ಕಿಣ್ವ. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ, ಬೇಸಿಗೆಯಲ್ಲಿ ಬಾಯಿ ತೆರೆದು ಏದುಸಿರು ಬಿಡುತ್ತದೆ. ಆಗ ತಣ್ಣೀರಿನಲ್ಲಿ ಲವಣಗಳನ್ನೂ ವಿಟಮಿನ್ ಸಿ ಯನ್ನೂ ಕೊಡುತ್ತಾರೆ. ಮನೆಯಲ್ಲಿ ಕೋಳಿ ಸಾಕುವವರಿಗೊಂದು ಕಿವಿಮಾತು: ಹೊಲದ ಸೋಯಾ ಕಾಳನ್ನು ಹಸಿಯಾಗಿ ಹಾಕಬೇಡಿ. ಅದರಲ್ಲಿ ಪ್ರೋಟೀನು ಜೀರ್ಣವಾಗದಂತೆ ತಡೆಯುವ ವಸ್ತುವಿದೆ. ಸರಿಯಾಗಿ ಬಿಸಿ ಮಾಡಿದರೆ ಅದರ ಶಕ್ತಿ ಕುಂದುತ್ತದೆ.

ಹೆದರಬೇಕಾದದ್ದು ಯಾವುದಕ್ಕೆ?

ಪೂರಕದ ಹೆಸರಿನಲ್ಲಿ ನುಸುಳಿದ ಇನ್ನೊಂದು ವಸ್ತುವಿದೆ, ಅದೇ ಆಂಟಿಬಯಾಟಿಕ್. ಮೇವಿಗೆ ಚೂರು ಬೆರೆಸಿದರೆ ಕೋಳಿ ಹೆಚ್ಚು ತೂಗುತ್ತದೆಂಬುದು 1940ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ತಿಳಿದುಬಂತು. ಆದರೆ ದಿನವೂ ಅಲ್ಪ ಪ್ರಮಾಣದ ಔಷಧಿ ತಾಗಿದಾಗ ದುರ್ಬಲ ಬ್ಯಾಕ್ಟೀರಿಯಾ ಸತ್ತು, ಔಷಧಿಗೆ ಜಗ್ಗದವು ಉಳಿದು ಹೆಚ್ಚುತ್ತವೆ. ಅವು ಮನುಷ್ಯರಿಗೆ ದಾಟಿದರೆ ಆಸ್ಪತ್ರೆಯ ಔಷಧಿಯೂ ಕೆಲಸಕ್ಕೆ ಬಾರದು. ಐರೋಪ್ಯ ಒಕ್ಕೂಟ 2006ರ ಜನವರಿ 1ರಿಂದ ಬೆಳವಣಿಗೆಗಾಗಿ ಆಂಟಿಬಯಾಟಿಕ್ ಬೆರೆಸುವುದನ್ನು ನಿಲ್ಲಿಸಿತು. ವೈದ್ಯರು ಬೇರೆ ದಾರಿ ಕಾಣದಿದ್ದಾಗ ಬಳಸುವ ಕೊಲಿಸ್ಟಿನ್ ಅನ್ನು ಕೋಳಿ ಮತ್ತು ಇತರ ಆಹಾರದ ಪ್ರಾಣಿಗಳಿಗೂ, ಅವುಗಳ ಮೇವಿನ ಪೂರಕಗಳಿಗೂ ಬಳಸದಂತೆ ಭಾರತ ಸರ್ಕಾರ 2019ರ ಜುಲೈನಲ್ಲಿ ನಿಷೇಧಿಸಿತು.

ಆದ್ದರಿಂದ ಸಾಕಣೆದಾರರು ಪಶುವೈದ್ಯರ ಸಲಹೆಯಿಲ್ಲದೆ ಔಷಧಿ ಹಾಕಬಾರದು. ಹಾಕಿದರೆ ಹೇಳಿದಷ್ಟು ದಿನ ಕಾದೇ ಮಾರಬೇಕು. ಮನೆಯವರು ಹಸಿ ಮಾಂಸ ಮುಟ್ಟಿದ ಕೈ, ಚಾಕು, ಮಣೆಗಳನ್ನು ಸಾಬೂನಿನಿಂದ ತೊಳೆದು, ಮಾಂಸವನ್ನು ಪೂರ್ತಿ ಬೇಯಿಸಬೇಕು. ಈ ವಿಷಯದಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳು ದೂರ ಹೋಗಬೇಕಿಲ್ಲ. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರುವುದು ಬೀದರಿನಲ್ಲಿಯೇ.

ಟಾನಿಕ್ ಬಾಟಲಿಗೆ ಕೈ ಹಾಕುವ ಪಾಲಕರಿಗೂ ಪೀಪಾಯಿಯ ಪಾಠ ಅನ್ವಯಿಸುತ್ತದೆ. ಯಾವ ಹಲಗೆ ಗಿಡ್ಡವಾಗಿದೆ ಎಂದು ವೈದ್ಯರಿಂದ ಮೊದಲು ತಿಳಿಯಿರಿ. ಉದ್ದವಿರುವ ಹಲಗೆಯನ್ನೇ ಇನ್ನಷ್ಟು ಉದ್ದ ಮಾಡಿದರೆ ಒಂದು ಹನಿ ನೀರೂ ಹೆಚ್ಚು ನಿಲ್ಲದು.