ಅಚ್ಚಿನ ಕಳವು

ನೀರಿನ ಮೇಲೆ ಓಡುವ ಮಾದರಿ ದೋಣಿಯ ಒಡಲನ್ನು ಕುರಿತು ಈ ತಿಂಗಳ ಅಂಕಣದಲ್ಲಿ ಬರೆಯಹೊರಟಿರುವುದು ಓದುಗ ಬಂಧುಗಳಿಗೆ ತುಸು ವಿಚಿತ್ರವಾಗಿ ತೋರಬಹುದು. ವಿಷಯ ಚಿಕ್ಕದು, ದೂರದ ದೇಶಗಳದು; ಆದರೆ ಅದರೊಳಗಿರುವ ಪ್ರಶ್ನೆ ಚಿಕ್ಕದಲ್ಲ. ಒಬ್ಬನು ತಿಂಗಳುಗಟ್ಟಲೆ ದುಡಿದು ರೂಪಿಸಿದ ಆಕಾರವನ್ನು ಇನ್ನೊಬ್ಬನು ಕೆಲವೇ ದಿನಗಳಲ್ಲಿ ಎತ್ತಿಕೊಂಡು ತನ್ನದೆಂದು ಮಾರಿದರೆ ಅದು ವ್ಯಾಪಾರವೋ, ಕಳವೋ? ಕಾನೂನು ಅದನ್ನು ಕಳವೆಂದು ಕರೆಯದಿದ್ದಾಗ ಕೊಳ್ಳುವವನ ಧರ್ಮ ಯಾವುದು? ಈ ಎರಡು ಪ್ರಶ್ನೆಗಳನ್ನು ವಿಚಾರಿಸುವುದೇ ನಮ್ಮ ಉದ್ದೇಶ.

ರೇಡಿಯೋ ತರಂಗಗಳ ಮೂಲಕ ದಡದಲ್ಲಿ ನಿಂತೇ ನಡೆಸುವ ಮಾದರಿ ದೋಣಿಗಳ ಹವ್ಯಾಸವು ಅಮೆರಿಕ, ಬ್ರಿಟನ್, ಜರ್ಮನಿ ಮೊದಲಾದ ದೇಶಗಳಲ್ಲಿ ಚೆನ್ನಾಗಿ ಬೇರೂರಿದೆ. ಇದರ ಮೂಲವೂ ಹಳೆಯದೇ. ವಿಜ್ಞಾನಿ ನಿಕೋಲಾ ಟೆಸ್ಲಾ ಅವರು 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನಡೆದ ವಿದ್ಯುತ್ ಪ್ರದರ್ಶನದಲ್ಲಿ, ಯಾವ ತಂತಿಯ ಸಂಪರ್ಕವೂ ಇಲ್ಲದೆ ಪುಟ್ಟ ದೋಣಿಯೊಂದನ್ನು ನಡೆಸಿ ತೋರಿಸಿದರು. ಅದೇ ವರ್ಷದ ನವೆಂಬರ್ 8ರಂದು ಆ ವಿಧಾನಕ್ಕೆ ಅವರಿಗೆ ಪೇಟೆಂಟ್ ದೊರೆಯಿತು. ಇಂದು ಈ ದೋಣಿಗಳು ಬ್ಯಾಟರಿಯಿಂದಲೋ ಚಿಕ್ಕ ಪೆಟ್ರೋಲ್ ಎಂಜಿನ್ನಿನಿಂದಲೋ ಓಡುತ್ತವೆ. ಸ್ಪರ್ಧೆಗೆಂದೇ ಕಟ್ಟಿದ ಕೆಲವು ದೋಣಿಗಳ ವೇಗ ಗಂಟೆಗೆ 100 ಕಿಲೋಮೀಟರನ್ನೂ ಮೀರುತ್ತದೆ.

ಇಂತಹ ದೋಣಿಯ ಎಂಜಿನ್, ಬ್ಯಾಟರಿ, ರೇಡಿಯೋ ಸಲಕರಣೆ ಇವೆಲ್ಲವೂ ಅಂಗಡಿಯಲ್ಲಿ ಸಿಕ್ಕುವಂಥವು, ಹಣವಿದ್ದವರೆಲ್ಲರಿಗೂ ಒಂದೇ. ಒಂದು ದೋಣಿಯನ್ನು ಇನ್ನೊಂದರಿಂದ ಬೇರ್ಪಡಿಸುವುದು ಅದರ ಒಡಲು, ಅಂದರೆ ಹವ್ಯಾಸಿಗಳು ‘ಹಲ್’ ಎಂದು ಕರೆಯುವ ಭಾಗ. ಅದರ ತಳ ಒಂದಿಷ್ಟು ಒಳಕ್ಕೆ ಬಾಗಿದ್ದರೆ ವೇಗದಲ್ಲಿ ಮೂತಿ ನೀರಿಗೆ ಒತ್ತಿಕೊಳ್ಳುತ್ತದೆ. ಹೊರಕ್ಕೆ ಉಬ್ಬಿದ್ದರೆ ಮೂತಿ ಮೇಲೆದ್ದು ದೋಣಿ ಕುಪ್ಪಳಿಸುತ್ತದೆ. ತಳವೂ ಪಕ್ಕವೂ ಕೂಡುವ ಅಂಚು ಹರಿತವಾಗಿದ್ದರೆ ನೀರು ಅಲ್ಲಿಂದ ಸರಕ್ಕನೆ ಬಿಟ್ಟುಹೋಗುತ್ತದೆ. ಮೊಂಡಾಗಿದ್ದರೆ ನೀರು ಒಡಲಿಗೆ ಅಂಟಿಕೊಂಡು ವೇಗವನ್ನು ಕುಂಠಿತಗೊಳಿಸುತ್ತದೆ. ಕೂದಲೆಳೆಯಷ್ಟು ವ್ಯತ್ಯಾಸವೂ ಇಲ್ಲಿ ಎಣಿಕೆಗೆ ಬರುತ್ತದೆ. ಹೀಗಾಗಿ ಈ ಹವ್ಯಾಸದ ವಿದ್ಯೆಯೆಲ್ಲವೂ ಒಡಲಿನ ಗೆರೆಗಳಲ್ಲಿಯೇ ನೆಲೆಸಿದೆ ಎಂದರೆ ಅತಿಶಯೋಕ್ತಿಯಾಗದು.

ಆ ಒಡಲನ್ನು ರೂಪಿಸುವ ಕ್ರಮವನ್ನು ನೋಡೋಣ. ಕುಶಲಿಯಾದವನು ಮೊದಲು ನಕ್ಷೆ ಬರೆದು, ಮರದಲ್ಲಿಯೋ ಗಟ್ಟಿ ಫೋಮಿನಲ್ಲಿಯೋ ದೋಣಿಯ ಮೂಲರೂಪವನ್ನು ಕೆತ್ತುತ್ತಾನೆ. ಅದಕ್ಕೆ ಲೇಪ ಕೊಟ್ಟು, ಮರಳುಕಾಗದದಿಂದ ಉಜ್ಜಿ, ಮತ್ತೆ ಲೇಪ ಕೊಟ್ಟು, ಮತ್ತೆ ಉಜ್ಜಿ, ಕನ್ನಡಿಯಂತೆ ಹೊಳೆಯುವವರೆಗೂ ಬಿಡುವುದಿಲ್ಲ. ಅನಂತರ ಮೇಣ ಸವರಿ, ಅದರ ಮೇಲೆ ಗಾಜಿನ ನಾರಿನ ಬಟ್ಟೆಯನ್ನೂ ರೆಸಿನ್ನನ್ನೂ ಪದರ ಪದರವಾಗಿ ಹಾಕಿ ಅಚ್ಚನ್ನು ತೆಗೆಯುತ್ತಾನೆ. ಆ ಅಚ್ಚಿನಿಂದ ಮೊದಲ ಒಡಲು ಹೊರಬಂದ ಮೇಲೆಯೇ ನಿಜವಾದ ಪರೀಕ್ಷೆ. ಕೆರೆಗೆ ಒಯ್ದು ಓಡಿಸಬೇಕು, ದೋಷ ಕಾಣಬೇಕು, ಮೂಲರೂಪವನ್ನು ತಿದ್ದಬೇಕು, ಹೊಸ ಅಚ್ಚು ತೆಗೆಯಬೇಕು. ಎರಡು ಮೂರು ಅಚ್ಚುಗಳು ಹೀಗೆ ವ್ಯರ್ಥವಾಗುವುದುಂಟು. ಈ ಕೆಲಸ ಮಾಡುವವರಲ್ಲಿ ಬಹುಮಂದಿ ದೊಡ್ಡ ಕಾರ್ಖಾನೆಯವರಲ್ಲ. ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಒಬ್ಬರೇ ದುಡಿಯುವವರು.

ಇನ್ನು ಕಳವಿನ ಕ್ರಮ. ಮಾರುಕಟ್ಟೆಯಿಂದ ಅಂತಹ ಒಂದು ಒಡಲನ್ನು ಕೊಂಡು ತಂದು, ಅದಕ್ಕೇ ಮೇಣ ಸವರಿ, ಅದರ ಮೇಲೆಯೇ ನೇರವಾಗಿ ಅಚ್ಚು ತೆಗೆದರೆ ಮುಗಿಯಿತು. ನಕ್ಷೆ ಬೇಡ, ಕೆತ್ತನೆ ಬೇಡ, ಪರೀಕ್ಷೆ ಬೇಡ. ಇದನ್ನು ದೋಣಿ ಕಟ್ಟುವವರ ಆಡುಮಾತಿನಲ್ಲಿ ‘ಸ್ಪ್ಲ್ಯಾಷ್’ ಮಾಡುವುದು ಎನ್ನುತ್ತಾರೆ. ಮೂಲಕರ್ತನ ಬೆಲೆಯಲ್ಲಿ ಅವನ ವ್ಯರ್ಥವಾದ ಅಚ್ಚುಗಳ ಖರ್ಚೂ ಸೇರಿರುತ್ತದೆ. ನಕಲುಗಾರನ ಬೆಲೆಯಲ್ಲಿ ರೆಸಿನ್ನಿನ ಖರ್ಚು ಮಾತ್ರ. ಹಾಗಿರುವಾಗ ಅಗ್ಗದ ಪೈಪೋಟಿಯಲ್ಲಿ ಗೆಲ್ಲುವವನು ಯಾರೆಂದು ಹೇಳಬೇಕಾಗಿಲ್ಲ.

ನಕಲು ಮೂಲದಷ್ಟೇ ಚೆನ್ನಾಗಿದ್ದರೆ ಕೊಳ್ಳುವವನಿಗೇನು ನಷ್ಟ ಎಂದು ಕೇಳುವವರುಂಟು. ನುರಿತ ಕೈಯಾದರೆ ನಕಲು ಬಹಳ ಹತ್ತಿರಕ್ಕೆ ಬರಬಹುದು, ನಿಜ. ಆದರೆ ಬಹುಪಾಲು ಹಾಗಾಗುವುದಿಲ್ಲ. ಪಾಲಿಯೆಸ್ಟರ್ ರೆಸಿನ್ ಗಟ್ಟಿಯಾಗುವಾಗ ಸ್ವಲ್ಪ ಕುಗ್ಗುತ್ತದೆ. ಕುಗ್ಗಿದ ಒಡಲಿನಿಂದ ತೆಗೆದ ಅಚ್ಚು ಮತ್ತೆ ಕುಗ್ಗುತ್ತದೆ. ಆ ಅಚ್ಚಿನಿಂದ ಬಂದ ಒಡಲು ಮೂರನೆಯ ಬಾರಿ ಕುಗ್ಗುತ್ತದೆ. ತೆಳುವಾದ ಒಡಲಿಗೆ ಸರಿಯಾದ ಆಸರೆ ಕೊಡದೆ ಅಚ್ಚು ತೆಗೆದರೆ ಅದು ತಿರುಚಿಕೊಳ್ಳುತ್ತದೆ. ಹರಿತವಾದ ಅಂಚುಗಳು ಮೊಂಡಾಗುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ಒಳಗೆ ಎಷ್ಟು ಪದರ ಬಟ್ಟೆ ಹಾಕಬೇಕು, ಎಲ್ಲಿ ಬಲ ಕೊಡಬೇಕು ಎಂಬುದು ಹೊರಗಿನ ಆಕಾರದಿಂದ ತಿಳಿಯುವಂಥದಲ್ಲ. ಹೊರರೂಪ ಕದಿಯುವವನಿಗೆ ಒಳಗಿನ ಕಾರಣ ದಕ್ಕುವುದಿಲ್ಲ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಅಲೆಗೆ ಅಪ್ಪಳಿಸಿದಾಗ ಈ ಅಜ್ಞಾನ ಬಿರುಕಿನ ರೂಪದಲ್ಲಿ ಹೊರಬೀಳುತ್ತದೆ. ಒಡಲಿನ ಜೊತೆಗೆ ಎಂಜಿನ್ನೂ ರೇಡಿಯೋವೂ ನೀರುಪಾಲಾಗುತ್ತವೆ.

ಇದಕ್ಕೆ ಕಾನೂನಿನ ತಡೆಯಿಲ್ಲವೇ? ಈ ಪ್ರಶ್ನೆ ಜನರು ಕುಳಿತು ಸಾಗುವ ದೊಡ್ಡ ದೋಣಿಗಳ ವಿಷಯದಲ್ಲಿ ಅಮೆರಿಕದ ಅತ್ಯುಚ್ಚ ನ್ಯಾಯಾಲಯದವರೆಗೂ ಹೋಯಿತು. ಫ್ಲಾರಿಡಾ ರಾಜ್ಯದ ಬೊನಿಟೋ ಬೋಟ್ಸ್ ಎಂಬ ಕಂಪನಿಯು 1976ರಲ್ಲಿ ಫೈಬರ್‌ಗ್ಲಾಸಿನ ದೋಣಿಯ ಒಡಲೊಂದನ್ನು ರೂಪಿಸಿತು. ಅಲ್ಲಿಯೂ ಕ್ರಮ ಅದೇ: ಮೊದಲು ನಕ್ಷೆ, ಆಮೇಲೆ ಗಟ್ಟಿಮರದ ಮೂಲರೂಪ, ಅದರಿಂದ ಅಚ್ಚು. ಕಂಪನಿಯು ಪೇಟೆಂಟಿಗೆ ಅರ್ಜಿ ಹಾಕಿರಲಿಲ್ಲ. 1983ರಲ್ಲಿ ಫ್ಲಾರಿಡಾ ಶಾಸನಸಭೆಯು, ಇನ್ನೊಬ್ಬರ ಒಡಲಿನ ಮೇಲೆ ನೇರವಾಗಿ ಅಚ್ಚು ತೆಗೆದು ಮಾರುವುದನ್ನು ನಿಷೇಧಿಸುವ ಕಾನೂನನ್ನು ಮಾಡಿತು. ಅದನ್ನು ನೆಚ್ಚಿ ಬೊನಿಟೋ ಕಂಪನಿಯು 1984ರ ಡಿಸೆಂಬರಿನಲ್ಲಿ, ತನ್ನ ಒಡಲನ್ನು ನಕಲು ಮಾಡಿದ್ದಾರೆಂದು ಟೆನೆಸ್ಸಿಯ ಥಂಡರ್ ಕ್ರಾಫ್ಟ್ ಬೋಟ್ಸ್ ಎಂಬ ಕಂಪನಿಯ ಮೇಲೆ ದಾವೆ ಹೂಡಿತು. ಕೆಳಗಿನ ನ್ಯಾಯಾಲಯಗಳು ದಾವೆಯನ್ನು ತಳ್ಳಿಹಾಕಿದವು. 1989ರ ಫೆಬ್ರವರಿ 21ರಂದು ಅತ್ಯುಚ್ಚ ನ್ಯಾಯಾಲಯವೂ ಸರ್ವಾನುಮತದಿಂದ ಅದೇ ನಿರ್ಣಯವನ್ನು ಕೊಟ್ಟಿತು. ತೀರ್ಪನ್ನು ಬರೆದವರು ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್ ಅವರು. ಪೇಟೆಂಟ್ ಪಡೆಯದೆ ಬಹಿರಂಗಕ್ಕೆ ಬಿಟ್ಟ ವಿನ್ಯಾಸವು ಎಲ್ಲರ ಉಪಯೋಗಕ್ಕೂ ಮುಕ್ತ. ರಾಜ್ಯವೊಂದು ತನ್ನಷ್ಟಕ್ಕೆ ತಾನೇ ಪೇಟೆಂಟಿನಂತಹ ರಕ್ಷಣೆಯನ್ನು ಕೊಡಲಾಗದು ಎಂಬುದು ಅದರ ಸಾರ.

ಈ ತೀರ್ಪಿನಲ್ಲಿ ಹುರುಳಿಲ್ಲವೆನ್ನಲಾಗದು. ಪ್ರತಿಯೊಂದು ಆಕಾರಕ್ಕೂ ಒಡೆಯನೊಬ್ಬನನ್ನು ಶಾಶ್ವತವಾಗಿ ಕೂರಿಸಿದರೆ ವಿದ್ಯೆ ಮುಂದುವರಿಯುವುದು ಹೇಗೆ? ಆದರೂ ದೋಣಿ ಕಟ್ಟುವವರ ಅಳಲು ನಿಲ್ಲಲಿಲ್ಲ. ಕೊನೆಗೆ ಅಮೆರಿಕದ ಸಂಸತ್ತು 1998ರಲ್ಲಿ ದೋಣಿಯ ಒಡಲಿನ ವಿನ್ಯಾಸಕ್ಕೆಂದೇ ಒಂದು ಕಾಯ್ದೆಯನ್ನು ಮಾಡಿತು. ವಿನ್ಯಾಸ ಬಹಿರಂಗವಾದ 2 ವರ್ಷಗಳೊಳಗೆ ಅರ್ಜಿ ಕೊಟ್ಟು ನೋಂದಾಯಿಸಿದರೆ 10 ವರ್ಷಗಳ ರಕ್ಷಣೆ ದೊರೆಯುತ್ತದೆ.

ಆದರೆ ನಮ್ಮ ಪುಟ್ಟ ದೋಣಿಗೆ ಈ ಛತ್ರದ ನೆರಳು ಬೀಳುವುದಿಲ್ಲ. ಆ ಕಾಯ್ದೆಯ ಈಗಿನ ವ್ಯಾಖ್ಯೆಯಂತೆ ದೋಣಿ ಎಂದರೆ ತನ್ನದೇ ಬಲದಿಂದ ಸಾಗುವುದಷ್ಟೇ ಅಲ್ಲ, ಒಬ್ಬರನ್ನಾದರೂ ಕೂರಿಸಿಕೊಂಡು ಒಯ್ಯಬಲ್ಲದ್ದೂ ಆಗಿರಬೇಕು. ಎರಡು ಕೈಗಳಲ್ಲಿ ಎತ್ತಿ ನೀರಿಗೆ ಬಿಡುವ ಮಾದರಿಯಲ್ಲಿ ಯಾರು ಕೂರಬೇಕು? ವಿನ್ಯಾಸದ ಪೇಟೆಂಟೆಂಬ ಬೇರೆ ದಾರಿಯೊಂದುಂಟು. ಅದು ಕಾಯುವುದು ನೋಟದ ಅಂದವನ್ನೇ ಹೊರತು ಉಪಯೋಗದ ಗುಣವನ್ನಲ್ಲ. ಮೇಲಾಗಿ, ವರ್ಷಕ್ಕೆ ಕೆಲವೇ ಒಡಲುಗಳನ್ನು ಮಾರುವ ಕೊಟ್ಟಿಗೆಯ ಕುಶಲಿಗೆ ವಕೀಲರ ಶುಲ್ಕವೇ ಹೊರಲಾರದ ಹೊರೆ. ಒಂದು ವಿಷಯದಲ್ಲಿ ಮಾತ್ರ ಕಾನೂನು ಸ್ಪಷ್ಟವಾಗಿದೆ. ನಕಲಿನ ಮೇಲೆ ಮೂಲಕರ್ತನ ನೋಂದಾಯಿತ ಹೆಸರನ್ನೋ ಗುರುತನ್ನೋ ಹಚ್ಚಿ ಮಾರಿದರೆ ಅದು ವ್ಯಾಪಾರಚಿಹ್ನೆಯ ಉಲ್ಲಂಘನೆ; ಅದು ಶುದ್ಧ ಖೋಟಾ. ಹೆಸರನ್ನು ಮುಟ್ಟದೆ ಆಕಾರವನ್ನಷ್ಟೇ ಎತ್ತಿಕೊಂಡವನು ಬಹುಮಟ್ಟಿಗೆ ನುಣುಚಿಕೊಳ್ಳುತ್ತಾನೆ.

ಕಾನೂನು ಕೈಚೆಲ್ಲಿದ ಮಾತ್ರಕ್ಕೆ ವಿವೇಕವೂ ಕೈಚೆಲ್ಲಬೇಕೆಂದಿಲ್ಲ. ಯಾವ ಸಾದೃಶ್ಯ ಸಲ್ಲುತ್ತದೆ, ಯಾವುದು ಸಲ್ಲದು ಎಂಬ ವಿಚಾರವನ್ನು ನಮ್ಮ ಕಾವ್ಯಶಾಸ್ತ್ರಜ್ಞರು ಬಹು ಹಿಂದೆಯೇ ಮಾಡಿದ್ದಾರೆ. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನನು ತನ್ನ ‘ಧ್ವನ್ಯಾಲೋಕ’ದ ನಾಲ್ಕನೆಯ ಉದ್ದ್ಯೋತದಲ್ಲಿ, ಒಬ್ಬ ಕವಿಯ ಮಾತು ಇನ್ನೊಬ್ಬನದನ್ನು ಹೋಲುವ ಬಗೆಗಳು ಮೂರೆಂದು ವಿಂಗಡಿಸುತ್ತಾನೆ. ಮೊದಲನೆಯದು ಕನ್ನಡಿಯ ಪ್ರತಿಬಿಂಬದಂತೆ. ಅದಕ್ಕೆ ತನ್ನದೆಂಬ ಆತ್ಮವೇ ಇಲ್ಲ. ಎರಡನೆಯದು ಬರೆದ ಚಿತ್ರದಂತೆ. ಅದರ ಆತ್ಮ ತುಚ್ಛವಾದದ್ದು. ಮೂರನೆಯದು ಇಬ್ಬರು ಮನುಷ್ಯರು ಒಬ್ಬರನ್ನೊಬ್ಬರು ಹೋಲುವಂತೆ. ಅಲ್ಲಿ ದೇಹ ಹೋಲಿದರೂ ಜೀವ ಬೇರೆ. ಕವಿಯಾದವನು ಮೊದಲೆರಡನ್ನು ಬಿಡಬೇಕು, ಮೂರನೆಯದಕ್ಕೆ ಹೆದರಬೇಕಾಗಿಲ್ಲ ಎಂಬುದು ಅವನ ಅಭಿಮತ.

ಈ ವಿಂಗಡಣೆಯನ್ನು ದೋಣಿಗೆ ಹಚ್ಚಿ ನೋಡಿದರೆ ಗೊಂದಲ ತಿಳಿಯಾಗುತ್ತದೆ. ಒಡಲಿನ ಮೇಲೆಯೇ ಅಚ್ಚು ತೆಗೆಯುವುದು ಪ್ರತಿಬಿಂಬ. ಹಾಗೆ ತೆಗೆದು, ಮೂತಿಯನ್ನು ಒಂದು ಬೆರಳಿನಷ್ಟು ಉದ್ದ ಮಾಡಿ, ಮುಚ್ಚಳವನ್ನು ಬದಲಿಸಿ, ಹೊಸ ಹೆಸರಿಟ್ಟು ಮಾರುವುದು ಚಿತ್ರ. ಇನ್ನೊಬ್ಬನ ದೋಣಿ ಏಕೆ ವೇಗವಾಗಿ ಓಡಿತೆಂದು ಕೂಲಂಕಷವಾಗಿ ಪರಿಶೀಲಿಸಿ, ಆ ತತ್ತ್ವವನ್ನು ಗ್ರಹಿಸಿ, ತನ್ನದೇ ನಕ್ಷೆ ಬರೆದು, ತನ್ನದೇ ಮೂಲರೂಪವನ್ನು ಕೆತ್ತುವುದು ಮೂರನೆಯ ಬಗೆ. ಇದು ಕಳವಲ್ಲ, ವಿದ್ಯಾಭ್ಯಾಸ. ಹಿಂದಿನವರಿಂದ ಕಲಿಯದೆ ಯಾವ ಕುಶಲಿಯೂ ಕುಶಲಿಯಾದದ್ದಿಲ್ಲ. ಕಲಿಯುವುದಕ್ಕೂ ಕದಿಯುವುದಕ್ಕೂ ನಡುವಿನ ಗೆರೆ ಇಲ್ಲಿದೆ: ನಡುವೆ ತನ್ನ ಬುದ್ಧಿಯೂ ಬೆವರೂ ಹಾದುಹೋಗಿವೆಯೋ ಇಲ್ಲವೋ ಎಂಬಲ್ಲಿ.

ಎರಡು ಆಕ್ಷೇಪಗಳನ್ನು ಇಲ್ಲಿ ಪರಿಗಣಿಸುವುದು ಉಚಿತ. ಮೂಲಕರ್ತನು ಕೆಲಸವನ್ನು ನಿಲ್ಲಿಸಿದ್ದಾನೆ, ಅಚ್ಚು ಒಡೆದುಹೋಗಿದೆ. ಒಳ್ಳೆಯ ಒಡಲೊಂದು ಲೋಕದಿಂದಲೇ ಅಳಿಯುವ ಬದಲು ನಕಲಿನಲ್ಲಾದರೂ ಉಳಿಯಬಾರದೇ ಎಂಬುದು ಮೊದಲನೆಯದು. ಉಳಿಯಲಿ. ಆದರೆ ಕರ್ತನನ್ನೋ ಅವನ ಮನೆಯವರನ್ನೋ ಮೊದಲು ಕೇಳಲಿ. ಮಾರುವಾಗ ಇದು ಇಂಥವರ ವಿನ್ಯಾಸವೆಂದು ಹೇಳಲಿ. ಒಂದು ಕಾಗದ ಬರೆಯುವ ಶ್ರಮ ಅಷ್ಟೇನೂ ದೊಡ್ಡದಲ್ಲ. ಬಡ ಹುಡುಗನು ಅಗ್ಗದ ನಕಲಿಲ್ಲದೆ ಈ ಹವ್ಯಾಸಕ್ಕೆ ಕಾಲಿಡುವುದು ಹೇಗೆ ಎಂಬುದು ಎರಡನೆಯದು. ಅವನಿಗೆ ಇದಕ್ಕಿಂತಲೂ ಅಗ್ಗದ ಒಂದು ನೇರ ದಾರಿಯಿದೆ. ಬ್ರಿಟನ್ನಿನ ಮಾದರಿ ಪತ್ರಿಕೆಗಳು ದೋಣಿಯ ನಕ್ಷೆಗಳನ್ನು ಎಲ್ಲರೂ ಕಟ್ಟಿಕೊಳ್ಳಲೆಂದೇ ಪ್ರಕಟಿಸುತ್ತ ಬಂದಿವೆ. ತೆಳುವಾದ ಪ್ಲೈವುಡ್, ಅಂಟು, ಮರಳುಕಾಗದ, ತಾಳ್ಮೆ ಇಷ್ಟಿದ್ದರೆ ಒಡಲು ಸಿದ್ಧ. ಹಾಗೆ ಕಟ್ಟಿದವನಿಗೆ ದೋಣಿಯ ಜೊತೆಗೆ ವಿದ್ಯೆಯೂ ದಕ್ಕುತ್ತದೆ.

ಕೊಳ್ಳುವವರಿಗೆ ಒಂದೆರಡು ಮಾತು. ಮಾರುವವನನ್ನು ಕೇಳಿರಿ: ಇದರ ಮೂಲರೂಪವನ್ನು ಕೆತ್ತಿದವರು ಯಾರು? ಯಾವ ರೆಸಿನ್, ಎಷ್ಟು ಪದರ? ಭಾರಕೇಂದ್ರ ಎಲ್ಲಿರಬೇಕು? ಓಡಿಸಿ ನೋಡಿದವನು ‘ಹಿಂಬದಿಯಿಂದ ಒಡಲಿನ ಉದ್ದದ ಶೇಕಡಾ 30ರಷ್ಟು ಮುಂದಕ್ಕೆ’ ಎಂಬಂತಹ ಖಚಿತವಾದ ಉತ್ತರ ಕೊಡುತ್ತಾನೆ, ನಕಲುಗಾರನು ತಡವರಿಸುತ್ತಾನೆ. ತಳದ ಮೇಲೆ ಉದ್ದನೆಯ ಪಟ್ಟಿಯಿಟ್ಟು ನೇರವಾಗಿದೆಯೇ ನೋಡಿರಿ. ಬೆಳಕಿಗೆ ಓರೆಯಾಗಿ ಹಿಡಿದು ಅಲೆಯಲೆಯಾಗಿದೆಯೇ ಪರೀಕ್ಷಿಸಿರಿ. ಮೂಲ ಒಡಲಿನ ಮೇಲಿದ್ದ ಗೀರೊಂದು, ಸೂಜಿಮೊನೆಯಷ್ಟು ಗುಳಿಯೊಂದು, ನಕಲುಗಳೆಲ್ಲದರಲ್ಲಿಯೂ ಅದೇ ಜಾಗದಲ್ಲಿ ಮೂಡಿ ಕಳ್ಳನನ್ನು ಹಿಡಿದುಕೊಡುವುದುಂಟು. ಇದನ್ನರಿತ ಕೆಲವರು ಅಚ್ಚಿನೊಳಗೆ ಬೇಕೆಂದೇ ಗುಟ್ಟಾದ ಗುರುತೊಂದನ್ನು ಇರಿಸುತ್ತಾರೆ.

ಉಳಿತಾಯವಾಗುವುದು ಒಂದಿಷ್ಟು ಹಣ, ಸುಳ್ಳಲ್ಲ. ಆದರೆ ನಕಲುಗಾರನು ಹೊಸದೇನನ್ನೂ ಹುಟ್ಟಿಸಲಾರ. ಇನ್ನೊಬ್ಬನು ಹುಟ್ಟಿಸಿದ್ದನ್ನು ಎತ್ತಿಕೊಳ್ಳಬಲ್ಲ, ಅಷ್ಟೇ. ಮೂರು ತಿಂಗಳ ದುಡಿಮೆಗೆ ಮೂರು ಕಾಸೂ ಗಿಟ್ಟಲಿಲ್ಲವೆಂದು ಕೊಟ್ಟಿಗೆಯ ಕುಶಲಿ ಒಂದು ದಿನ ಬಾಗಿಲು ಹಾಕಿದರೆ, ಮರುವರ್ಷದ ಕೆರೆಯಲ್ಲಿ ಹೊಸ ಒಡಲಿರುವುದಿಲ್ಲ. ನಕಲು ಮಾಡಲಾದರೂ ಏನಿರುತ್ತದೆ? ಹಳೆಯ ನಕಲಿನ ನಕಲು, ಒಂದೊಂದು ಸಲವೂ ಒಂದಿಷ್ಟು ಕುಗ್ಗುತ್ತ, ಒಂದಿಷ್ಟು ಮೊಂಡಾಗುತ್ತ. ಕಾನೂನು ತಲುಪದ ಇಂತಹ ಚಿಕ್ಕ ಕಸುಬುಗಳನ್ನು ಉಳಿಸುವ ಶಕ್ತಿ ಉಳಿದಿರುವುದು ಒಬ್ಬನಲ್ಲಿ ಮಾತ್ರ. ಅವನೇ ಕೊಳ್ಳುವವನು. ‘ಇದನ್ನು ಮಾಡಿದವರು ಯಾರು?’ ಎಂದು ಅವನು ಕೇಳುವ ಅಭ್ಯಾಸ ಮಾಡಿಕೊಂಡರೆ ಸಾಕು, ಕಳ್ಳ ಅಚ್ಚಿಗೆ ಗಿರಾಕಿಯಿರುವುದಿಲ್ಲ.