ಕೈಗುಣ ಅಲ್ಲ ಗುರು, ಕಸಿ ಗಂಟು ನೋಡು

1/6
ಯಲಹಂಕದ ನಮ್ಮನೆ ತಾರಸಿ ಮೇಲೆ ಒಂದು ಕೆಂಪು ಗುಲಾಬಿ ಇತ್ತು. ಅಮ್ಮ 180 ರೂಪಾಯಿ ಕೊಟ್ಟು ನರ್ಸರಿಯಿಂದ ತಂದಿದ್ದು. ಮೊದಲೆರಡು ತಿಂಗಳು ಅಂಗೈ ಅಗಲದ ಹೂವು. ಆಮೇಲೆ ಗಿಡ ಸುಮ್ನೆ ಉದ್ದಕ್ಕೆ ಬೆಳೀತು, ಕೆಂಪು ಹೂವು ನಿಂತೇ ಹೋಯ್ತು. ಮುಂದಿನ ವರ್ಷ ಬಂದಿದ್ದು ಗೊಂಚಲು ಗೊಂಚಲು ಪುಟಾಣಿ ಪೇಲವ ಹೂವು. ಅಜ್ಜಿ ಹೇಳಿದ್ದು ಒಂದೇ ಮಾತು: "ನಿನ್ನ ಕೈಗುಣ ಸರಿ ಇಲ್ಲ. ಆ ಮೂರು ದಿನಾನೂ ಗಿಡ ಮುಟ್ತೀಯ." ಅವತ್ತಿಂದ ಅಮ್ಮ ಗುಲಾಬಿ ಹತ್ರ ಹೋಗೋದನ್ನೇ ಬಿಟ್ರು. ನಾನು ದೊಡ್ಡವಳಾದ್ಮೇಲೆ ನಂಗೂ ಅದೇ ರೂಲ್. ನಿಮ್ಮನೇಲೂ ಇದೆ ಅಲ್ವಾ? ಸುಳ್ಳು ಹೇಳ್ಬೇಡಿ.

2/6
ಆಗಿದ್ದು ಏನು ಗೊತ್ತಾ? ನರ್ಸರಿಯಲ್ಲಿ ಸಿಗೋ ಹೈಬ್ರಿಡ್ ಟೀ ಗುಲಾಬಿ ಸಾಮಾನ್ಯವಾಗಿ ಒಂದು ಗಿಡ ಅಲ್ಲ, ಎರಡು. ಕೆಳಗೆ ಗಟ್ಟಿ ಬೇರಿನ ಕಾಡುಗುಲಾಬಿ. ಅದರ ಮೇಲೆ ಚಂದದ ತಳಿಯ ಒಂದು ಕಣ್ಣನ್ನ ಕಸಿ ಮಾಡಿರ್ತಾರೆ. ಎರಡೂ ಸೇರೋ ಜಾಗದಲ್ಲಿ ದಪ್ಪ ಗಂಟು ಇರತ್ತೆ. ಆ ಗಂಟಿನ ಕೆಳಗಿಂದ ಬರೋ ಚಿಗುರು ಕಾಡುಗುಲಾಬಿದು. ಅದನ್ನ ಬುಡದಿಂದಲೇ ಕಿತ್ತು ಹಾಕದೇ ಇದ್ರೆ ಊಟ ಎಲ್ಲಾ ಅದೇ ತಿಂದು, ಮೇಲಿನ ಕೆಂಪು ಗುಲಾಬಿ ಸೊರಗಿ ಸಾಯತ್ತೆ. ನಮ್ಮನೇಲಿ ಹೂವು "ಬದಲಾಗಿದ್ದು" ಹೀಗೆ. ಗಿಡ ಮಾರಿದವರು ಈ ಒಂದು ಮಾತು ಹೇಳಿದ್ರೆ ಸಾಕಿತ್ತು.

3/6
ಅಜ್ಜಿ ಮೇಲೆ ನಂಗೆ ಕೋಪ ಇಲ್ಲ. ಅವರ ಕಾಲದ ಪನ್ನೀರು ರೋಜಾ ಕಡ್ಡಿ ನೆಟ್ರೆ ಬರ್ತಿತ್ತು. ಬೇರೂ ಅದರದ್ದೇ, ಹೂವೂ ಅದರದ್ದೇ. ಬೇರಿನ ಗಿಡ ಬೇರೆ, ಹೂವಿನ ಗಿಡ ಬೇರೆ ಅನ್ನೋ ಪ್ರಶ್ನೆನೇ ಇರ್ಲಿಲ್ಲ. ಹಾಗಾಗಿ ತಪ್ಪು ಗಿಡದಲ್ಲಿ ಕಾಣ್ಲಿಲ್ಲ, ಸೊಸೆ ಕೈಯಲ್ಲಿ ಕಾಣ್ತು. ಕೋಪ ಇರೋದು ಡಿಗ್ರಿ ಓದ್ತಾ ಇದ್ದೂ ಇದನ್ನೇ ರಿಪೀಟ್ ಮಾಡೋ ನಮ್ಮ ಮೇಲೆ.

4/6
"ಎಲೆ ಹಳದಿ ಆಗಿ, ಕಪ್ಪು ಚುಕ್ಕೆ ಬಂದು ಉದುರ್ತು, ಯಾರೋ ಮುಟ್ಟಿರ್ಬೇಕು." ಅಲ್ಲ ಕಣ್ರೇ, ಅದು ಶಿಲೀಂಧ್ರ. ಎಲೆ ಸುಮಾರು 7 ಗಂಟೆ ಒದ್ದೆಯಾಗೇ ಇದ್ರೆ ಅದಕ್ಕೆ ಹಬ್ಬ. ನಮ್ಮ ಸೆಪ್ಟೆಂಬರ್, ಅಕ್ಟೋಬರ್ ಮಳೆ ಸಾಲದು ಅಂತ ನಾವು ಸಂಜೆ ಪೈಪ್ ಹಿಡ್ಕೊಂಡು ಎಲೆಗೇ ನೀರು ಹೊಡೀತೀವಿ. ಬೆಳಗ್ಗೆ ಹಾಕಿ, ಬುಡಕ್ಕೆ ಹಾಕಿ. ಉದುರಿದ ಎಲೆ ಗುಡಿಸಿ ಬಿಸಾಕಿ.

5/6
ಈಗ ನನ್ನ ಮೇನ್ ಪ್ರಶ್ನೆ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಪಾಲಿಹೌಸ್‌ಗಳಲ್ಲಿ ಗುಲಾಬಿ ಕೊಯ್ಯೋದು, ಕಟ್ಟೋದು ಎಷ್ಟೋ ಹೆಣ್ಮಕ್ಕಳು. ತಿಂಗಳಿಗೆ ಮೂರು ದಿನ ಅವರನ್ನ ಗಿಡದಿಂದ ದೂರ ಕೂರಿಸ್ತಾರಾ? ಹೆಬ್ಬಾಳದ ಹೂವಿನ ಹರಾಜಿಗೆ ಬರೋ ಬಂಚಿನ ಮೇಲೆ "ಮುಟ್ಟಿಲ್ಲ" ಅಂತ ಲೇಬಲ್ ಇರತ್ತಾ? ದುಡ್ಡು ಕೊಟ್ಟು ತಂದ ಹೂವಿಗೆ ಇಲ್ಲದ ಮೈಲಿಗೆ, ಮನೆ ಕುಂಡದ ಗಿಡಕ್ಕೆ ಎಲ್ಲಿಂದ ಬಂತು? ಬಿಕಾಂ ಭಾಷೇಲಿ ಹೇಳೋದಾದ್ರೆ, ನರ್ಸರಿ ಲಾಸ್ ಅನ್ನ ಅಮ್ಮನ ಅಕೌಂಟಿಗೆ ಡೆಬಿಟ್ ಮಾಡ್ತಿದೀವಿ.

6/6
ಹಾಗಾದ್ರೆ ಗಿಡ ಹೇಗೆ ಆರಿಸೋದು? ಹೂವಿನ ಫೋಟೋ ನೋಡಿ ಅಲ್ಲ.
• ಕಸಿ ಗಂಟು ಕಾಣ್ಬೇಕು. ಗಂಟಿನ ಮೇಲಿಂದ ಎರಡು ಮೂರು ದಪ್ಪ ರೆಂಬೆ ಇರ್ಬೇಕು. ನೆಡುವಾಗ ಗಂಟು ಮಣ್ಣಿನ ಮೇಲೇ ಇರ್ಲಿ, ಕೆಳಗಿನ ಚಿಗುರು ಕಾಣತ್ತೆ.
• ಎಲೆ ಚುಕ್ಕೆ ಇಲ್ಲದ್ದು, ತಳಿ ಹೆಸರು ಇರೋದು ಕೇಳಿ. "ರೆಡ್ ರೋಸ್" ಅನ್ನೋದು ಹೆಸರಲ್ಲ. ಗ್ಲಾಡಿಯೇಟರ್, ಡಬಲ್ ಡಿಲೈಟ್ ಅನ್ನೋದು ಹೆಸರು. ನಮ್ಮ ಹೆಸರಘಟ್ಟದ ಐಐಎಚ್‌ಆರ್ ಕೂಡ ಅರ್ಕಾ ಪರಿಮಳ, ಅರ್ಕಾ ಸವಿ ಅಂತ ಗುಲಾಬಿ ತಳಿ ಮಾಡಿದೆ.
• ದಿನಕ್ಕೆ 6 ಗಂಟೆ ನೇರ ಬಿಸಿಲು, 12 ಇಂಚಿಗಿಂತ ಚಿಕ್ಕದಲ್ಲದ ಕುಂಡ, ನೀರು ನಿಲ್ಲದ ಮಣ್ಣು. ನಿಮ್ಮ ಬಾಲ್ಕನಿಗೆ ಬಿಸಿಲೇ ಬರಲ್ವಾ? ಹೈಬ್ರಿಡ್ ಟೀ ತರ್ಲೇಬೇಡಿ. ಅದು ಸೋಲಲ್ಲ, ಲೆಕ್ಕಾಚಾರ.

ಫೋಟೋದಲ್ಲಿರೋ ಗಿಡ ನಾನು ನೆಟ್ಟಿದ್ದು, ಪೀರಿಯಡ್ಸ್‌ನ ಎರಡನೇ ದಿನ, ಬೇಕಂತಲೇ. ಇದು ನಾಲ್ಕನೇ ಹೂವು. ಒಂದು ಗಿಡದಿಂದ ಏನೂ ಪ್ರೂವ್ ಆಗಲ್ಲ, ಗೊತ್ತು. ಆದ್ರೆ ನಿನ್ನೆ ಅಮ್ಮ ಕತ್ತರಿ ತಗೊಂಡು ಬಂದು, "ಗಂಟು ಯಾವ್ದೇ ತೋರ್ಸು" ಅಂದ್ರು.

ಸೇವ್ ಮಾಡ್ಕೊಳ್ಳಿ. ಧೈರ್ಯ ಇದ್ರೆ ಫ್ಯಾಮಿಲಿ ಗ್ರೂಪಿಗೆ ಹಾಕಿ.

#ಕೈಗುಣಅಲ್ಲ #ತಾರಸಿತೋಟ #ಯಲಹಂಕ #ಗುಲಾಬಿ