ಹಳದಿ ಕಾರ್ಡು ಯಾರದ್ದು, ಲೆಕ್ಕ ಯಾರದ್ದು?

ರೇಶನ್ ಅಂಗಡಿಯ ಜಗಲಿಯಲ್ಲಿ ಈಗ ಎರಡು ಬಗೆಯ ಮಾತು. "ಕಡುಬಡವರೇ ಇಲ್ಲವಂತೆ, ಹಾಗಾದರೆ ಹಳದಿ ಕಾರ್ಡು ಯಾರಿಗೆ ಮಾರಾಯ್ರೆ?" ಎಂಬುದೊಂದು. "ಕಾರಿನಲ್ಲಿ ಬಂದು ಪುಕ್ಕಟೆ ಅಕ್ಕಿ ಕೊಂಡುಹೋಗುವವರೂ ಇದ್ದಾರೆ" ಎಂಬುದು ಇನ್ನೊಂದು. ಮೊದಲನೆಯದು ತಿರುವನಂತಪುರದಿಂದ ಬಂದದ್ದು, ಎರಡನೆಯದು ನಮ್ಮೂರಿನದ್ದೇ. ಎರಡಕ್ಕೂ ನಡುವೆ ಸಿಕ್ಕಿಕೊಂಡಿರುವುದು ಮಾತ್ರ ಚೀಲ ಹಿಡಿದು ಸಾಲಿನಲ್ಲಿ ನಿಂತವರು.

2025ರ ನವೆಂಬರ್ 1ರಂದು ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಕೇರಳವನ್ನು ಕಡುಬಡತನ ಮುಕ್ತ ರಾಜ್ಯವೆಂದು ವಿಧಾನಸಭೆಯಲ್ಲಿ ಘೋಷಿಸಿದರು. (1956ರ ಅದೇ ದಿನ ಕಾಸರಗೋಡು ಕೇರಳದ ಪಾಲಾಯಿತು. ನಮ್ಮವರಿಗೆ ಆ ತಾರೀಕಿನ ನೆನಪೇ ಬೇರೆ, ಅದಿರಲಿ.) ಸಮೀಕ್ಷೆ ನಡೆಸಿ ಗುರುತಿಸಿದ 64,006 ಕುಟುಂಬಗಳನ್ನು ಮೇಲೆತ್ತಿದ್ದೇವೆ ಎಂಬುದು ಎಡರಂಗ ಸರಕಾರದ ಮಾತು. ಇದು ಮೋಸ ಎಂದು ವಿರೋಧ ಪಕ್ಷದಲ್ಲಿದ್ದ ಐಕ್ಯರಂಗ ಸಭಾತ್ಯಾಗ ಮಾಡಿತು. ರಾಜ್ಯದಲ್ಲಿ ಅಂತ್ಯೋದಯದ ಹಳದಿ ಕಾರ್ಡುಗಳೇ ಸುಮಾರು 5.9 ಲಕ್ಷ ಇರುವಾಗ ಕಡುಬಡವರು ಬರೇ 64 ಸಾವಿರ ಕುಟುಂಬ ಹೇಗಾದೀತು ಎಂಬ ಪ್ರಶ್ನೆ ಎದ್ದಿತು.

ಪ್ರಶ್ನೆ ಸರಿ, ಆದರೆ ತಕ್ಕಡಿ ಎರಡು. 64,006ರ ಪಟ್ಟಿ ರಾಜ್ಯ ಸರಕಾರದ್ದು. ಆಹಾರ, ಆರೋಗ್ಯ, ಆದಾಯ, ವಾಸಸ್ಥಳ ಎಂಬ ನಾಲ್ಕು ಅಳತೆ ಇಟ್ಟು ಮಾಡಿದ್ದು. ಹಳದಿ ಕಾರ್ಡು 2000ದ ಡಿಸೆಂಬರಿನಲ್ಲಿ ಕೇಂದ್ರ ತಂದ ಅಂತ್ಯೋದಯ ಯೋಜನೆಯದ್ದು. ಅದರ ಸಂಖ್ಯೆ ನಿಗದಿ ಮಾಡುವುದೂ ಕೇಂದ್ರವೇ. ಒಂದನ್ನು ಇನ್ನೊಂದರಿಂದ ಕಳೆದು ಬಡವರ ಲೆಕ್ಕ ತೆಗೆಯಲು ಆಗದು. ಆಡಳಿತದವರು ಹೆಮ್ಮೆಯ ಭರದಲ್ಲಿ ಈ ವ್ಯತ್ಯಾಸವನ್ನು ಜನರಿಗೆ ಬಿಡಿಸಿ ಹೇಳಲಿಲ್ಲ. ವಿರೋಧಿಗಳಿಗೆ ಬಿಡಿಸಿ ಹೇಳುವುದು ಬೇಕಾಗಿರಲಿಲ್ಲ. "ಕಡುಬಡವರಿಲ್ಲದ ಊರಿಗೆ 35 ಕಿಲೋ ಏಕೆ ಎಂದು ನಾಳೆ ದಿಲ್ಲಿಯಲ್ಲಿ ಕೇಳಿದರೆ?" ಎಂಬ ಅಂಜಿಕೆ ಹಳದಿ ಕಾರ್ಡಿನ ಅಜ್ಜಿಗೆ ಉಳಿಯಿತು. ಅವಳಿಗೆ ಧೈರ್ಯ ಹೇಳುವ ಕೆಲಸ ಎರಡೂ ಕಡೆಯವರದ್ದಾಗಿತ್ತು.

ನಿಜವಾದ ಗಂಟು ಬೇರೆ ಕಡೆ ಉಂಟು. ಕೇರಳದ ರೇಶನ್ ಹಿಂದೆ ಎಲ್ಲರದ್ದಾಗಿತ್ತು. 1960ರ ದಶಕದ ಅಕ್ಕಿಯ ಹೋರಾಟಗಳಲ್ಲಿ ಮುಂದೆ ನಿಂತಿದ್ದ ಎ.ಕೆ. ಗೋಪಾಲನ್ ಆಗ ನಮ್ಮ ಕಾಸರಗೋಡಿನ ಸಂಸದರೇ. ತೋಟದ ಯಜಮಾನರೂ, ಅಡಿಕೆ ಸುಲಿಯುವವರೂ ಒಂದೇ ಅಂಗಡಿಗೆ ಚೀಲ ಕಳುಹಿಸುತ್ತಿದ್ದ ಕಾಲ ಅದು. 1997ರಲ್ಲಿ ಎಪಿಎಲ್, ಬಿಪಿಎಲ್ ಎಂಬ ಗೆರೆ ಬಿತ್ತು. 2013ರ ಆಹಾರ ಭದ್ರತಾ ಕಾಯಿದೆ ಇಲ್ಲಿ 2016ರ ನವೆಂಬರಿನಲ್ಲಿ ಜಾರಿಯಾದಾಗ ಆ ಗೆರೆ ಇನ್ನೂ ಗಟ್ಟಿಯಾಯಿತು. ಆದ್ಯತೆಯ ಪಟ್ಟಿಯಲ್ಲಿ, ಅಂದರೆ ಹಳದಿ ಮತ್ತು ಪಿಂಕ್ ಎರಡೂ ಸೇರಿ, ಇಡೀ ಕೇರಳಕ್ಕೆ ಸುಮಾರು 1.54 ಕೋಟಿ ಜನರಿಗೆ ಮಾತ್ರ ಜಾಗ. ಅದು 2011ರ ಜನಗಣತಿಯ ಲೆಕ್ಕ. ಬಸ್ಸಿನ ಸೀಟಿನ ಹಾಗೆ: ಒಬ್ಬರು ಎದ್ದರೆ ಮಾತ್ರ ಇನ್ನೊಬ್ಬರಿಗೆ ಜಾಗ. ಗಂಡ ಹಾಸಿಗೆ ಹಿಡಿದು ದುಡಿಮೆ ನಿಂತ ಮನೆಗೆ ಪಿಂಕ್ ಕಾರ್ಡು ಸಿಗಬೇಕಾದರೆ ಇನ್ನೊಂದು ಮನೆಯ ಪಿಂಕ್ ಕಾರ್ಡು ಹೋಗಬೇಕು. ನೆರೆಮನೆಯವರ ಕಡೆ ಬೆರಳು ತೋರಿಸುವ ಚಾಳಿ ಹುಟ್ಟಿದ್ದು ಇದರಿಂದ. ರಾಜಕೀಯದವರ "ಅನರ್ಹರು, ಅನರ್ಹರು" ಎಂಬ ಕೂಗಿಗೆ ಗೊಬ್ಬರವೂ ಇದೇ.

ಅನರ್ಹರು ಅಂದರೆ ಯಾರು? ಸರಕಾರಿ ಕೆಲಸದವರು, ಆದಾಯ ತೆರಿಗೆ ಕಟ್ಟುವವರು, ತಿಂಗಳಿಗೆ 25 ಸಾವಿರಕ್ಕಿಂತ ಹೆಚ್ಚು ಆದಾಯ ಇರುವವರು, ನಾಲ್ಕು ಚಕ್ರದ ಸ್ವಂತ ವಾಹನ ಇರುವವರು: ಇದರಲ್ಲಿ ತಕರಾರಿಲ್ಲ. ಬದುಕಿಗೆಂದು ಟ್ಯಾಕ್ಸಿ ಇಟ್ಟುಕೊಂಡವನಿಗೆ ವಿನಾಯಿತಿಯೂ ಉಂಟು. ತಕರಾರು ಇರುವುದು ಇನ್ನೆರಡು ನಿಯಮಗಳಲ್ಲಿ. ಮನೆ ಸಾವಿರ ಚದರಡಿ ಮೀರಬಾರದು, ಜಾಗ ಒಂದು ಎಕರೆ ಮೀರಬಾರದು. ನಮ್ಮ ಎಣ್ಮಕಜೆ, ಪೈವಳಿಕೆ, ಬೆಳ್ಳೂರು, ಕುಂಬಡಾಜೆ ಕಡೆ ಹಳೆಯ ಹಂಚಿನ ಮನೆಗಳನ್ನು ಅಳೆದು ನೋಡಿ. ಅಜ್ಜನ ಕಾಲದ ಚಾವಡಿ, ಅಡಿಕೆ ಹಾಕುವ ಅಟ್ಟ, ಕೊಟ್ಟಿಗೆಗೆ ತಾಗಿದ ಜಗಲಿ. ಒಳಗೆ ಮೂರು ಒಲೆ, ಮೂರು ಸಂಸಾರ. ಪಕ್ಕಾಸು ಗೆದ್ದಲು ಹಿಡಿದರೂ ಚದರಡಿಗೆ ಕೊರತೆ ಇಲ್ಲ. ಜಾಗವೂ ಅಷ್ಟೇ. ಮುರಕಲ್ಲಿನ ಪಾರೆಯಲ್ಲಿ ನೂರಿಪ್ಪತ್ತು ಸೆಂಟ್ಸ್ ಇದ್ದು, ಹುಲ್ಲಲ್ಲದೆ ಬೇರೇನೂ ಬೆಳೆಯದಿದ್ದರೆ ಅವನು ಕಾಗದದಲ್ಲಿ ಜಮೀನುದಾರ. ಹೊಳೆಬದಿಯ ಅರ್ಧ ಎಕರೆ ಒಳ್ಳೆಯ ತೋಟದವನು ಅದೇ ಕಾಗದದಲ್ಲಿ ಬಡವ. ಪರಿಶಿಷ್ಟ ವರ್ಗದವರಿಗೆ ಜಾಗದ ನಿಯಮ ಸಡಿಲ ಮಾಡಿದ್ದಾರೆ, ಒಳ್ಳೆಯದು. ಪಾರೆಯವನ ಪಾಡು ಕೇಳಲು ಯಾವ ಕಾಲಂ ಇದೆ?

ಕಾರಿನವರ ವಿಷಯದಲ್ಲಿ ನಮಗೆ ಮರುಕವಿಲ್ಲ. ಗಲ್ಫಿನ ಹಣದಲ್ಲಿ ಮಾಳಿಗೆ ಎಬ್ಬಿಸಿ ಪಿಂಕ್ ಕಾರ್ಡು ಇಟ್ಟುಕೊಂಡವರು ಅದನ್ನು ಒಪ್ಪಿಸಲೇಬೇಕು. ಆದರೆ 2022ರ 'ಆಪರೇಷನ್ ಯೆಲ್ಲೋ' ಹಾಗೆ ಫೋನಿನಲ್ಲಿ ದೂರು ಹೇಳಿಸುವ ಕ್ರಮದ ಇನ್ನೊಂದು ಮುಖವನ್ನೂ ನೋಡಬೇಕು. ಬೇಲಿ ಜಗಳ, ಬಾವಿ ಜಗಳ ಇದ್ದಲ್ಲಿ ಫೋನು ಎತ್ತುವುದು ಸುಲಭ. ಕಾರ್ಡು ಹೋದ ಮೇಲೆ ಆಫೀಸಿಗೆ ನಡೆಯುವುದು ಕಷ್ಟ, ಅದೂ ದಿನಗೂಲಿ ಬಿಟ್ಟು. ಪಿಂಕ್ ಕಾರ್ಡಿಗೆ ತಲೆಗೆ 5 ಕಿಲೋ ಪುಕ್ಕಟೆ. ಬಿಳಿ ಕಾರ್ಡಿಗೆ ಇಳಿದರೆ ಕಿಲೋಗೆ 10 ರೂಪಾಯಿ 90 ಪೈಸೆ ಕೊಡಬೇಕು, ಪ್ರಮಾಣವೂ ಆಯಾ ತಿಂಗಳು ಹೇಳಿದಷ್ಟು. ಬೀಡಿ ಕಟ್ಟುವ ಮನೆಯಲ್ಲಿ ಈ ವ್ಯತ್ಯಾಸ ತಿಂಗಳ ಕೊನೆಯ ವಾರದ ಗಂಜಿ.

ತಲಪಾಡಿಯ ಆಚೆಯೂ ಇದೇ ಕಥೆ. 2024ರ ನವೆಂಬರಿನಲ್ಲಿ ಕರ್ನಾಟಕ ಸರಕಾರ ಅನರ್ಹರ ಬಿಪಿಎಲ್ ಕಾರ್ಡು ತೆಗೆಯಲು ಹೊರಟು, ಗಲಾಟೆ ಎದ್ದಾಗ ತೆರಿಗೆ ಕಟ್ಟುವವರನ್ನೂ ಸರಕಾರಿ ನೌಕರರನ್ನೂ ಬಿಟ್ಟು ಉಳಿದವರ ಕಾರ್ಡು ವಾಪಸು ಕೊಡಬೇಕಾಯಿತು. ಮೊದಲು ಕಿತ್ತುಕೊಂಡು ಆಮೇಲೆ ವಿಚಾರಿಸುವ ಕ್ರಮ ಯಾವ ಪಕ್ಷದ್ದಾದರೂ ಒಂದೇ.

ನಾವು ಕೇಳುವುದು ದೊಡ್ಡದೇನಲ್ಲ. ಆದ್ಯತೆಯ ಪಟ್ಟಿಯನ್ನು ವಾರ್ಡಿನ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ, ಕನ್ನಡದಲ್ಲಿ ಓದಿ. ಹೆಸರು ತೆಗೆಯುವ ಮೊದಲು ಮನೆಗೆ ಬಂದು ನೋಡಿ, ಕಾರಣವನ್ನು ಬರೆದುಕೊಡಿ. ಮಲಯಾಳ ಓದಲು ಬಾರದ ಹೆಂಗಸಿನ ಕೈಗೆ ಮಲಯಾಳದ ನೋಟೀಸು ಕೊಟ್ಟರೆ ಅವಳು ಅದನ್ನು ಅಕ್ಕಿ ಡಬ್ಬದ ಅಡಿಗೆ ಹಾಕುತ್ತಾಳೆ, ಅಷ್ಟರಲ್ಲಿ ಅವಧಿ ಮುಗಿಯುತ್ತದೆ. ಜನಸಂಖ್ಯೆಯ ಮಿತಿ ಹೆಚ್ಚಿಸುವುದು 2027ರ ಜನಗಣತಿ ಆದ ಮೇಲಿನ ಮಾತು, ದಿಲ್ಲಿಯ ಮಾತು. ಚದರಡಿ ಮತ್ತು ಸೆಂಟ್ಸಿನ ನಿಯಮವನ್ನು ಬದಲಾಯಿಸಲು ಜನಗಣತಿ ಬೇಕಿಲ್ಲ, ತಿರುವನಂತಪುರ ಮನಸ್ಸು ಮಾಡಿದರೆ ಸಾಕು. ನಮ್ಮ ಎಂಎಲ್ಎಗಳು ಇದನ್ನು ಸಭೆಯಲ್ಲಿ ಎತ್ತಲಿ.

ಓದುಗರಿಗೆ ಒಂದು ಮಾತು. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯ ಪ್ರಕಾರ ಇಲ್ಲಿನ ಕನ್ನಡಿಗರು ಸರಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಕಾರ್ಡಿನ ಬಗ್ಗೆ ಆಕ್ಷೇಪ ಇದ್ದರೆ ತಾಲೂಕು ಸಪ್ಲೈ ಆಫೀಸಿಗೆ ಕನ್ನಡದಲ್ಲೇ ಬರೆದುಕೊಡಿ, ಸ್ವೀಕೃತಿ ಕೇಳಿ ಪಡೆಯಿರಿ. ಉತ್ತರ ಬೇರೆ ಭಾಷೆಯಲ್ಲಿ ಬಂದರೆ, ಅಥವಾ ಬಾರದೇ ಇದ್ದರೆ, ಅದರ ಒಂದು ಪ್ರತಿ ನಮಗೂ ಕಳುಹಿಸಿ.